ಅನ್ಯರ ಬಂಡವಾಳ, ನಮ್ಮ ಲೆಕ್ಕ

ಪ್ರೈವೇಟ್ ಇಕ್ವಿಟಿ ಎಂದರೇನೆಂದು ಮನೆಯ ಹಿರಿಯರು ಕೇಳಿದಾಗಲೆಲ್ಲ ನಮ್ಮ ವಿವರಣೆ ಮುದಾರಬದಿಂದಲೇ ಆರಂಭವಾಗುತ್ತಿತ್ತು. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು, ಲಾಭದಲ್ಲಿ ಇಬ್ಬರಿಗೂ ಪಾಲು. ಪ್ರವಾದಿಯವರು(ಸ) ಖದೀಜಾ(ರ)ರ ಸರಕನ್ನು ಸಿರಿಯಾಕ್ಕೆ ಒಯ್ದು ವ್ಯಾಪಾರ ಮಾಡಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ಆದುದರಿಂದ ಹಿರಿಯರು ಬೇಗನೆ ತಲೆದೂಗುತ್ತಿದ್ದರು. ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲವೆಂಬುದನ್ನು ಹೇಳಲು ಮಾತ್ರ ನಮಗೆ ಹೆಚ್ಚು ಸಮಯ ಬೇಕಾಗುತ್ತಿತ್ತು.

ನಾವಿಬ್ಬರೂ ಮಂಗಳೂರಿನಲ್ಲಿ ಜೊತೆಯಾಗಿ ಸಿ.ಎ. ಓದಿದವರು. ಬೆಂಗಳೂರಿನ ಒಂದು ಹೊಸ ಹೂಡಿಕೆ ಸಂಸ್ಥೆಯಲ್ಲಿ ಅನಲಿಸ್ಟ್‌ಗಳಾಗಿ ಸೇರಿದಾಗ ಆ ಸಂಸ್ಥೆಗೆ ಎರಡು ವರ್ಷವೂ ತುಂಬಿರಲಿಲ್ಲ. ನಮ್ಮನ್ನು ಸೇರಿಸಿ ಒಟ್ಟು ಒಂಬತ್ತು ಮಂದಿ. ಇಂತಹ ಸಂಸ್ಥೆಗಳು ಸಿರಿವಂತರಿಂದಲೂ ವಿಮಾ ಕಂಪೆನಿ ಮೊದಲಾದ ಸಂಸ್ಥೆಗಳಿಂದಲೂ ಹಣ ಪಡೆದು, ಷೇರುಪೇಟೆಗೆ ಬಾರದ ಕಂಪೆನಿಗಳಲ್ಲಿ ಪಾಲು ಕೊಳ್ಳುತ್ತವೆ. ಕೆಲವು ವರ್ಷ ಅವುಗಳನ್ನು ಬೆಳೆಸಿ, ಬಳಿಕ ಮಾರುತ್ತವೆ. ಒಂದು ನಿಧಿಯ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು. ವರ್ಷಕ್ಕೆ ಶೇ. 2ರಷ್ಟು ನಿರ್ವಹಣಾ ಶುಲ್ಕ, ಲಾಭದಲ್ಲಿ ಶೇ. 20 ಪಾಲು ಎಂಬುದು ಈ ವೃತ್ತಿಯ ಹಳೆಯ ವಾಡಿಕೆ. ಮುದಾರಬದಿಂದ ಇದು ಬೇರೆಯಾಗುವ ಮೊದಲ ಸ್ಥಳವೂ ಆ ಶುಲ್ಕವೇ. ಅಲ್ಲಿ ಲಾಭವಾಗದಿದ್ದರೆ ದುಡಿದವನಿಗೆ ಏನೂ ಇಲ್ಲ. ಇಲ್ಲಿ ಲಾಭವಾಗಲಿ, ನಷ್ಟವಾಗಲಿ, ಶುಲ್ಕ ಸಲ್ಲುತ್ತದೆ. ನಮ್ಮ ಸಂಬಳ ಬರುವುದೂ ಅದರಿಂದಲೇ.

ಹೊಸ ಸಂಸ್ಥೆಯ ಕಷ್ಟವೂ ಅಲ್ಲೇ ಅಡಗಿದೆ. ನಿಧಿಗೆ ಹಣ ಕೂಡಿಬಂದರೆ ಮಾತ್ರ ಶುಲ್ಕ. 2012ರ ಸೆಬಿ ನಿಯಮಗಳ ಪ್ರಕಾರ ಇಂತಹ ನಿಧಿಯ ಪ್ರತಿ ಯೋಜನೆಗೆ ಕನಿಷ್ಠ 20 ಕೋಟಿ ರೂಪಾಯಿ ಇರಬೇಕು. ಒಬ್ಬ ಹೂಡಿಕೆದಾರನಿಂದ ಸಾಮಾನ್ಯವಾಗಿ 1 ಕೋಟಿಗಿಂತ ಕಡಿಮೆ ಹಣ ಪಡೆಯುವಂತಿಲ್ಲ. ನಿಧಿ ಸ್ಥಾಪಿಸಿದವರೂ ಶೇ. 2.5 ಅಥವಾ 5 ಕೋಟಿ, ಇವೆರಡರಲ್ಲಿ ಕಡಿಮೆಯಾದುದನ್ನು ತಮ್ಮ ಜೇಬಿನಿಂದ ಹಾಕಬೇಕು. ಇದು ನಮಗೆ ಹಿಡಿಸಿದ ನಿಯಮ. ಪರರ ಹಣದೊಂದಿಗೆ ತನ್ನ ಹಣವನ್ನೂ ಇಟ್ಟವನ ನಡೆ ಬೇರೆಯಾಗಿರುತ್ತದೆ. ಮಕ್ಕಳು ಇಂತಹ ಕೆಲಸಕ್ಕೆ ಹೊರಟಾಗ ತಂದೆತಾಯಿಗಳು ಸಂಬಳವೆಷ್ಟೆಂದು ಮಾತ್ರ ಕೇಳುತ್ತಾರೆ. ನಿಧಿಗೆ ಹಣ ಬಂದಿದೆಯೇ, ಬಾರದಿದ್ದರೆ ಎಷ್ಟು ತಿಂಗಳ ವೇತನ ಕೈಯಲ್ಲಿದೆ, ಪಾಲುದಾರರು ಇದಕ್ಕೆ ಮುನ್ನ ಎಲ್ಲಿದ್ದರು, ಅಲ್ಲಿಂದ ಏಕೆ ಬಂದರು ಎಂದೂ ಕೇಳಬೇಕು. ನಾವು ಕೇಳಿಯೇ ಸೇರಿದೆವು. ಒಂದು ವರ್ಷದ ವೇತನವಿದೆ ಎಂಬ ಉತ್ತರ ಬಂತು. ಮನೆಸಾಲವಿಲ್ಲದ, ಮದುವೆಯಾಗದ ನಮಗೆ ಅದು ಸಾಕಾಗಿತ್ತು.

ದೊಡ್ಡ ಸಂಸ್ಥೆಗಳಲ್ಲಿ ಹೊಸಬನಿಗೆ ಹಳೆಯ ಕಡತಗಳ ಆಸರೆ ಇರುತ್ತದೆ. ಯಾವ ವರದಿ ಹೇಗಿರಬೇಕೆಂಬುದಕ್ಕೆ ಮಾದರಿ ಸಿಗುತ್ತದೆ. ನಮ್ಮಲ್ಲಿ ಮಾದರಿಗಳೇ ಇರಲಿಲ್ಲ, ನಾವು ಬರೆದುದೇ ಮಾದರಿಯಾಗುತ್ತಿತ್ತು. ಎಕ್ಸೆಲ್ ಹಾಳೆ ಸಿದ್ಧಪಡಿಸುವುದು, ಕಂಪೆನಿಯ ಗ್ರಾಹಕರಿಗೆ ಫೋನ್ ಮಾಡಿ ವಿಚಾರಿಸುವುದು, ವಕೀಲರ ಕರಡು ಓದುವುದು, ಸಭೆಯ ಟಿಪ್ಪಣಿ ಬರೆಯುವುದು, ಪ್ರಿಂಟರ್‌ಗೆ ಕಾಗದ ತರಿಸುವುದು, ಎಲ್ಲವೂ ನಮ್ಮ ಪಾಲಿಗೆ. ರಾತ್ರಿ ಹನ್ನೊಂದಾಗುವುದು ವಿಶೇಷವಲ್ಲ. ಶುಕ್ರವಾರದ ಜುಮಾಕ್ಕೆ ಮಾತ್ರ ಆರಂಭದಲ್ಲೇ ಕೇಳಿಕೊಂಡೆವು, ಯಾರೂ ಅಡ್ಡಿಪಡಿಸಲಿಲ್ಲ.

ಅಡ್ಡಿಯಾದುದು ಬಡ್ಡಿ. ಈ ವೃತ್ತಿ ಅಮೆರಿಕದಲ್ಲಿ ಬೆಳೆದುದೇ ಸಾಲದ ಬಲದಿಂದ. ಕೊಳ್ಳುವ ಕಂಪೆನಿಯ ಹೆಗಲಿಗೇ ಸಾಲ ಹೊರಿಸಿ ಅದನ್ನು ಕೊಳ್ಳುವುದು ಅಲ್ಲಿಯ ಕ್ರಮ. ಆಟಿಕೆ ಮಾರುವ ಟಾಯ್ಸ್ ಆರ್ ಅಸ್ ಕಂಪೆನಿಯನ್ನು 2005ರಲ್ಲಿ ಹೀಗೆಯೇ ಕೊಳ್ಳಲಾಯಿತು. 2017ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಮರುವರ್ಷ ಅಮೆರಿಕದ ಅಂಗಡಿಗಳು ಮುಚ್ಚಿದವು. ಆನ್‌ಲೈನ್ ವ್ಯಾಪಾರದ ಪೆಟ್ಟು ಅದಕ್ಕಿದ್ದರೂ, ಬಡ್ಡಿ ಕಟ್ಟುವುದರಲ್ಲೇ ಕೈ ಸೋತ ಕಂಪೆನಿಗೆ ಅಂಗಡಿಗಳನ್ನು ಸುಧಾರಿಸಿಕೊಳ್ಳಲು ಹಣ ಉಳಿಯಲಿಲ್ಲ. ಭಾರತದಲ್ಲಿ ಷೇರು ಕೊಳ್ಳುವುದಕ್ಕೆ ಬ್ಯಾಂಕುಗಳು ಸಾಲ ಕೊಡುವುದರ ಮೇಲೆ ಬಹುಕಾಲ ಕಟ್ಟುನಿಟ್ಟಿನ ನಿರ್ಬಂಧವಿತ್ತು. ಆದುದರಿಂದ ಇಲ್ಲಿ ನಡೆಯುವುದು ಹೆಚ್ಚಾಗಿ ನೇರ ಪಾಲುಗಾರಿಕೆ. ಆದರೂ ನಮ್ಮ ಮೇಜಿಗೆ ಬಂದ ಕಂಪೆನಿಗಳಲ್ಲಿ ಬ್ಯಾಂಕಿನ ಸಾಲವಿಲ್ಲದ್ದು ಒಂದೂ ಇರಲಿಲ್ಲ.

ಬಡ್ಡಿ ತಿನ್ನುವವನನ್ನೂ ಕೊಡುವವನನ್ನೂ ಮಾತ್ರವಲ್ಲ, ಅದನ್ನು ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿಯವರು(ಸ) ಶಪಿಸಿದ್ದಾರೆಂಬ ಹದೀಸ್ ನಮ್ಮ ನಿದ್ದೆ ಕೆಡಿಸಿತು. ಅನಲಿಸ್ಟ್ ಎಂದರೆ ಬರೆಯುವವನೇ ತಾನೇ? ಅದೇ ಹೊತ್ತಿಗೆ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರದ 282ನೆಯದು, ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವುದರ ಕುರಿತಾಗಿದೆ. ಬರೆಯಬಲ್ಲವನು ಹಿಂಜರಿಯಬಾರದೆಂದು ಅದು ಆದೇಶಿಸುತ್ತದೆ. ಒಂದು ಕಡೆ ಬರೆಯುವವನಿಗೆ ಶಾಪ, ಇನ್ನೊಂದು ಕಡೆ ಬರೆಯೆಂಬ ಆಜ್ಞೆ. ನಮ್ಮ ಕೆಲಸ ಯಾವುದಕ್ಕೆ ಸೇರುತ್ತದೆ?

ನಾವು ವಿಚಾರಿಸಿದ ಉಸ್ತಾದರು ಒಂದೇ ಮಾತಿನಲ್ಲಿ ಉತ್ತರಿಸಲಿಲ್ಲ, ನಮ್ಮ ದಿನದ ಕೆಲಸವನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಕಂಪೆನಿಯ ಈಗಿರುವ ಸಾಲವೆಷ್ಟೆಂದು ಪರಿಶೀಲಿಸಿ ಸತ್ಯ ಹೇಳುವುದು ಬೇರೆ, ಹೊಸ ಬಡ್ಡಿಸಾಲಕ್ಕೆ ಕರಡು ಸಿದ್ಧಪಡಿಸುವುದು ಬೇರೆ, ಎರಡನೆಯದಕ್ಕೆ ಕೈಹಾಕಬೇಡಿ ಎಂದರು. ಇದು ನಮ್ಮ ಸ್ಥಿತಿಗೆ ಅವರಿತ್ತ ಉತ್ತರ. ಈ ಕ್ಷೇತ್ರದಿಂದ ಪೂರ್ತಿ ದೂರವಿರಬೇಕೆನ್ನುವ ವಿದ್ವಾಂಸರೂ ಇದ್ದಾರೆ, ಅವರ ಮಾತನ್ನು ನಾವು ಹಗುರಾಗಿ ಕಾಣುವುದಿಲ್ಲ. ಮರುದಿನವೇ ಹಿರಿಯ ಪಾಲುದಾರರಿಗೆ ವಿಷಯ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲದ ಹಾಳೆಗಳನ್ನು ಮೂರನೆಯ ಅನಲಿಸ್ಟ್‌ಗೆ ವಹಿಸಿದರು. ಕಾರ್ಖಾನೆ ಭೇಟಿಯ ಕೆಲಸವೆಲ್ಲ ನಮಗೆ ಬಂತು. ಈ ವೃತ್ತಿಯಲ್ಲಿ ಬೇಗ ಮೇಲೇರುವವರು ಸಾಲದ ಲೆಕ್ಕ ಬಲ್ಲವರು. ವರ್ಷಾಂತ್ಯಕ್ಕೆ ಆತನಿಗೆ ಬಡ್ತಿ ಸಿಕ್ಕಿತು, ನಮಗೆ ಸಿಗಲಿಲ್ಲ. ಅವನ ಮೇಲೆ ನಮಗೆ ಮುನಿಸಿಲ್ಲ, ಒಳ್ಳೆಯ ಹುಡುಗ.

ಆ ಭೇಟಿಗಳಲ್ಲೊಂದು ಕರಾವಳಿಯ ಗೇರುಬೀಜದ ಕಾರ್ಖಾನೆಗೆ. ಅದನ್ನು ಕುರಿತು ಹೇಳಲೇಬೇಕು. ಗೇರುಬೀಜದ ಫಸಲು ವರ್ಷದಲ್ಲಿ ಕೆಲವೇ ತಿಂಗಳು ಬರುತ್ತದೆ, ಕಾರ್ಖಾನೆಯೋ ವರ್ಷವಿಡೀ ನಡೆಯಬೇಕು. ಊರಿನ ಬೀಜ ಸಾಲದು, ಆಫ್ರಿಕದಿಂದ ಹಡಗಿನಲ್ಲಿ ತರಿಸಬೇಕು. ಹೀಗೆ ಗೋದಾಮಿನಲ್ಲಿ ಹಣವೆಲ್ಲ ಬೀಜವಾಗಿ ಮಲಗಿರುತ್ತದೆ, ಬ್ಯಾಂಕಿನ ಸಾಲ ಬೆಳೆಯುತ್ತದೆ. ಪಾಲುಹಣ ಬಂದರೆ ಆ ಸಾಲ ತೀರಿಸಬಹುದೆಂಬುದು ನಮಗೆ ಸಂತೋಷ ತಂದಿತ್ತು.

ಆದರೆ ಯೋಜನೆಯಲ್ಲಿ ಇನ್ನೊಂದು ಸಾಲೂ ಇತ್ತು. ಸುಲಿಯುವ ಯಂತ್ರ ಬಂದರೆ ಕೂಲಿ ವೆಚ್ಚ ಅರ್ಧಕ್ಕಿಳಿಯುತ್ತದೆ. ಎಕ್ಸೆಲ್‌ನಲ್ಲಿ ಅದು ಒಂದು ಅಂಕೆ. ಕಾರ್ಖಾನೆಯಲ್ಲಿ ಅದು ಸಿಪ್ಪೆಯ ಎಣ್ಣೆಗೆ ಬೆರಳು ಕಪ್ಪಾದ ಹೆಂಗಸರ ಸಾಲು. ನಮ್ಮಿಬ್ಬರಲ್ಲೊಬ್ಬನ ಅಜ್ಜಿ ಇಂತಹದೇ ಕಾರ್ಖಾನೆಯಲ್ಲಿ ದುಡಿದು ಮಕ್ಕಳನ್ನು ಓದಿಸಿದವರು. ಒಬ್ಬಾಕೆಯನ್ನು ಮಾತನಾಡಿಸಿದಾಗ, “ಮಗಾ, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು” ಎಂದರು.

ಆಗ ಜಾರಿಯಲ್ಲಿದ್ದ 1972ರ ಗ್ರಾಚುಯಿಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತವಾಗಿ ದುಡಿದವರಿಗೆ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ ಸಲ್ಲಬೇಕಿತ್ತು. ಆಕೆಗೆ ಮುನ್ನೂರು ದಿನಗಳ ವೇತನ. ಕಂಪೆನಿಯ ಲೆಕ್ಕಪತ್ರದಲ್ಲಿ ಅದಕ್ಕಾಗಿ ಒಂದು ಪೈಸೆಯನ್ನೂ ತೆಗೆದಿಟ್ಟಿರಲಿಲ್ಲ. ಯಂತ್ರ ಬೇಡವೆನ್ನುವ ಅಧಿಕಾರ ಅನಲಿಸ್ಟ್‌ಗೆ ಇಲ್ಲ. ಹಾಜರಿ ಪುಸ್ತಕಗಳನ್ನು ತರಿಸಿ, ಮೂರು ದಿನ ಕುಳಿತು, ಒಬ್ಬೊಬ್ಬರ ವರ್ಷಗಳನ್ನು ಎಣಿಸಿ, ಕಂಪೆನಿಯು ತೀರಿಸಬೇಕಾದ ಋಣವೆಂದು ಆ ಮೊತ್ತವನ್ನು ವರದಿಯ ಮೊದಲ ಪುಟದಲ್ಲೇ ಬರೆದೆವು. ಕೊನೆಯ ಅನುಬಂಧಕ್ಕೆ ಹಾಕಿರೆಂಬ ಸಲಹೆ ಬಂತು. ಓದುವವರು ಮೊದಲ ಪುಟವನ್ನಷ್ಟೇ ಓದುತ್ತಾರೆಂದು ನಾವು ವಿನಂತಿಸಿಕೊಂಡೆವು. ಅದು ಅಲ್ಲಿಯೇ ಉಳಿಯಿತು.

ಪಾಲುದಾರರು ಆ ಮೊತ್ತವನ್ನು ಬೆಲೆಯಿಂದ ಕಳೆದು, ಹೆಂಗಸರಿಗೇ ಮೀಸಲಿಡಬೇಕೆಂಬ ಷರತ್ತು ಹಾಕಿದರು. ಮಾಲೀಕರು ಒಪ್ಪಲಿಲ್ಲ. ಕೆಲವು ತಿಂಗಳ ಬಳಿಕ ಅವರಿಗೆ ಬೇರೆ ಹೂಡಿಕೆದಾರರು ಸಿಕ್ಕಿದರೆಂದು ಕೇಳಿದೆವು. ಅಲ್ಲಿಯ ಅನಲಿಸ್ಟ್ ಹಾಜರಿ ಪುಸ್ತಕ ತೆರೆದು ನೋಡಿದನೋ ಇಲ್ಲವೋ, ಅಲ್ಲಾಹನೇ ಬಲ್ಲ. ನಮ್ಮ ಮೇಜಿನ ಮೇಲೆ ಈಗ ಒಂದು ಆಸ್ಪತ್ರೆಯ ಕಡತವಿದೆ.