ಗೆದ್ದರೆ ತಲೆ, ಸೋತರೆ ಎಲೆ

ನಮ್ಮ ಮನೆಯಲ್ಲಿ ‘ಎಲೆ ಹಾಕಿ ಆಯ್ತು’ ಎಂಬ ಕೂಗು ಎರಡು ದಿಕ್ಕಿನಿಂದ ಬರುತ್ತಿತ್ತು. ಒಳಗಿನಿಂದ ಬಂದರೆ ಊಟ, ಜಗಲಿಯಿಂದ ಬಂದರೆ ಇಸ್ಪೀಟು. ಎರಡೂ ಒಟ್ಟಿಗೇ ಬಂದ ದಿನ ಚಿಕ್ಕಪ್ಪಯ್ಯ ಯಾವ ಎಲೆಯ ಮುಂದೆ ಕೂರುತ್ತಿದ್ದರು ಎಂಬುದನ್ನು ಚಿಕ್ಕಮ್ಮ ಕೊನೆಯವರೆಗೂ ಮರೆಯಲಿಲ್ಲ. ಬಾಳೆ ಎಲೆಗೆ ಏನು ಬೀಳುತ್ತದೆ ಅಂತ ಮೊದಲೇ ಗೊತ್ತಿರುತ್ತದಲ್ಲ, ಅದಕ್ಕೆ ಗಡಿಬಿಡಿ ಎಂತಕ್ಕೆ ಎನ್ನುವುದು ಅವರ ವಾದ.

ಮುತ್ತಿನಕೊಪ್ಪದಲ್ಲಿ ಮಳೆಗಾಲ ಕಳೆಯುವುದೂ ಒಂದು ಕೆಲಸವೇ. ಅಡಿಕೆಗೆ ಮೊದಲ ಸಲದ ಔಷಧಿ ಹೊಡೆದಾದ ಮೇಲೆ ಗಂಡಸರು ಆಕಾಶ ನೋಡುವುದನ್ನು ಬಿಟ್ಟರೆ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆಗ ನಮ್ಮ ಜಗಲಿಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಚಿಕ್ಕಪ್ಪಯ್ಯ, ಅವರ ಎದುರಿಗೆ ಅವರ ಜೋಡಿ, ಅಂದರೆ ಕೋಟ್ಟಯಂ ಕಡೆಯಿಂದ ಬಂದು ರಬ್ಬರ್ ಹಾಕಿದ ಚೇಟ. ಆಚೀಚೆ ಹೋಟೆಲ್ ಭಟ್ಟರು ಮತ್ತು ಫಾರೆಸ್ಟ್ ಗಾರ್ಡು. ಆಟ ಇಪ್ಪತ್ತೆಂಟು. ಸೋತವರ ಕಿವಿಗೆ ಹಲಸಿನೆಲೆಯ ಚೂರು ಸಿಕ್ಕಿಸುವ ಪದ್ಧತಿಯನ್ನು ಚೇಟನೇ ಕೇರಳದಿಂದ ತಂದಿದ್ದು. ಅಲ್ಲಿ ಅದಕ್ಕೆ ‘ಕುಣುಕ್ಕ್’ ಎನ್ನುತ್ತಾರೆ. ಸರ್ಕಾರಿ ಯೂನಿಫಾರಂ ತೊಟ್ಟು, ಕಿವಿಗೆ ಹಲಸಿನೆಲೆ ಸಿಕ್ಕಿಸಿಕೊಂಡು ಕೂತ ಗಾರ್ಡನ್ನು ನೋಡಿ ಬೆಳೆದ ನಮಗೆ ಆಮೇಲೆ ಯಾವ ಅಧಿಕಾರಿಯ ಭಯವೂ ಸರಿಯಾಗಿ ಹುಟ್ಟಲಿಲ್ಲ.

ಇಪ್ಪತ್ತೆಂಟು ಗೊತ್ತಿಲ್ಲದವರಿಗೆ ಎರಡು ಮಾತು. ಏಳರಿಂದ ಎಕ್ಕದವರೆಗೆ ಮೂವತ್ತೆರಡು ಎಲೆ. ರಾಜ ರಾಣಿಗೆ ಒಂದು ಪಾಯಿಂಟೂ ಇಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಎಲ್ಲ ಕೂಡಿದರೆ ಇಪ್ಪತ್ತೆಂಟು. ಜಮೀನ್ದಾರರ ಕಾಲದಲ್ಲೂ ಗುಲಾಮನೇ ಎಲ್ಲರಿಗಿಂತ ದೊಡ್ಡವನಾಗಿದ್ದ ಜಾಗ ನಮ್ಮ ಜಗಲಿ ಒಂದೇ ಇರಬೇಕು. ಆಟದ ಮಜಾ ಇರುವುದು ಹಂಚುವ ರೀತಿಯಲ್ಲಿ. ಮೊದಲು ನಾಲ್ಕೇ ಎಲೆ ಕೊಡುತ್ತಾರೆ. ಅಷ್ಟನ್ನು ನೋಡಿ ಹದಿನಾಲ್ಕೋ ಹದಿನಾರೋ ಕೂಗಬೇಕು, ತುರುಪಿನ ಎಲೆ ಮುಚ್ಚಿಡಬೇಕು. ಉಳಿದ ನಾಲ್ಕೆಲೆ ಆಮೇಲೆ. ಮಾತು ಕೊಟ್ಟಾದ ಮೇಲೆ ಅರ್ಧ ಭವಿಷ್ಯ ಕೈಗೆ ಬರುತ್ತದೆ. ಹುಡುಗಿ ನೋಡಿ ಬಂದ ಹಾಗೆ ಎಂದು ಭಟ್ಟರು ಹೇಳುತ್ತಿದ್ದರು, ಹೆಂಡತಿ ಕಿವಿಗೆ ಬೀಳದಷ್ಟು ದೂರದಲ್ಲಿ.

ಆ ಜಗಲಿಯ ನ್ಯಾಯಶಾಸ್ತ್ರ ಒಂದೇ ಸಾಲಿನದು. ಗೆದ್ದರೆ ತಲೆ, ಸೋತರೆ ಎಲೆ. ಗೆದ್ದ ದಿನ ಚಿಕ್ಕಪ್ಪಯ್ಯ ಯಾವ ಎಲೆ ಯಾರ ಕೈಯಲ್ಲಿತ್ತು, ತಾವು ಹೇಗೆ ಮೂರನೇ ಸುತ್ತಿಗೇ ಅದನ್ನು ಊಹಿಸಿದ್ದರು ಎಂದು ಕೊಟ್ಟಿಗೆಯ ದನಕ್ಕೂ ವಿವರಿಸುತ್ತಿದ್ದರು. ಸೋತ ದಿನ ಒಂದೇ ಮಾತು: ‘ಎಲೆ ಬೀಳ್ಲಿಲ್ಲ ಮಾರಾಯ. ನಂಗೆ ಗುಲಾಮ ಬೀಳೋದೇ ಇಲ್ಲ.’ ಇದು ಬರೀ ನೆವ ಎಂದು ತುಂಬ ವರ್ಷ ನಂಬಿದ್ದೆ. ಒಮ್ಮೆ ಕರೆಂಟಿಲ್ಲದ ಸಂಜೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಮೊದಲ ನಾಲ್ಕೆಲೆಯಲ್ಲಿ ಒಂದೂ ಗುಲಾಮ ಇಲ್ಲದಿರುವ ಸಂಭವ ನೂರರಲ್ಲಿ ಐವತ್ತೇಳು. ಎಂದರೆ ಚಿಕ್ಕಪ್ಪಯ್ಯ ಅರ್ಧಕ್ಕಿಂತ ಹೆಚ್ಚು ಸಲ ನಿಜವನ್ನೇ ಹೇಳುತ್ತಿದ್ದರು. ಭಟ್ಟರಿಗೂ ಅದೇ ಐವತ್ತೇಳು ಎನ್ನುವುದನ್ನು ಮಾತ್ರ ಅವರು ಒಪ್ಪುತ್ತಿರಲಿಲ್ಲ.

ತಲೆಯೋ ಎಲೆಯೋ ಎಂಬ ಈ ಜಗಳ ದೆಹಲಿಗೂ ಹೋಗಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಗೆ ಹೆಚ್ಚಾಗಿ ತಲೆಯೇ ಬೇಕು, ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು ಎಂದಿತು. ಮೂರೆಲೆಯಂಥದ್ದು ಬರೀ ಅದೃಷ್ಟ ಎಂದಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟ ನಿಲ್ಲಿಸಹೊರಟರೆ, ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ತಲೆಯದಾಗಲಿ ಎಲೆಯದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇಡ ಎಂದಿತು. ಚಿಕ್ಕಮ್ಮ ಇದೇ ತೀರ್ಪನ್ನು ವಾದ ಪ್ರತಿವಾದ ಇಲ್ಲದೆ ಎಷ್ಟೋ ವರ್ಷ ಮೊದಲೇ ಕೊಟ್ಟಿದ್ದರು. ಜಾರಿ ಮಾಡುವವರು ಇರಲಿಲ್ಲ ಅಷ್ಟೆ. ಗಾರ್ಡೇ ಆಟಕ್ಕೆ ಕೂತಿದ್ದನಲ್ಲ!

ಭಟ್ಟರು ಹೋಟೆಲು ಮುಚ್ಚಿ ಮಗನ ಮನೆ ಸೇರಿದರು. ಗಾರ್ಡಿಗೆ ವರ್ಗವಾಯಿತು. ಚೇಟ ಆರು ವರ್ಷದ ಹಿಂದೆ ತೀರಿಕೊಂಡ. ಇಪ್ಪತ್ತೆಂಟಕ್ಕೆ ನಾಲ್ಕು ಜನ ಬೇಕು. ಈಗ ಆ ಮನೆಯಲ್ಲಿರುವುದು ಎಂಬತ್ತು ದಾಟಿದ ಚಿಕ್ಕಪ್ಪಯ್ಯ, ಐವತ್ತೈದು ದಾಟಿದರೂ ಅವರಿಗೆ ಇನ್ನೂ ‘ಮಾಣಿ’ಯಾಗಿರುವ ನಾನು. ನಾವಿಬ್ಬರೂ ಕೂತು ಪೇಪರಿನಲ್ಲಿ ಅಡಿಕೆ ರೇಟು ನೋಡುತ್ತೇವೆ. ಅದೂ ಒಂದು ಎಲೆಯಾಟವೇ. ಶುಂಠಿಯ ವಿಷಯ ತೆಗೆದರಂತೂ ಅಂದರ್ ಬಾಹರ್.

ಹೋದ ವರ್ಷ ಗೌರಿ ಹಬ್ಬಕ್ಕೆ ಬೆಂಗಳೂರಿನಿಂದ ತಂಗಿಯ ಮಗಳು ಬಂದಳು. ಬ್ಯಾಗಿನಲ್ಲಿ ಚಪ್ಪಲಿ ಡಬ್ಬಕ್ಕಿಂತ ದೊಡ್ಡ ಪೆಟ್ಟಿಗೆ. ಡೊಮಿನಿಯನ್ ಎಂಬ ಆಟ. ಅಮೆರಿಕದ ಡೊನಾಲ್ಡ್ ವ್ಯಾಕರಿನೊ ಎಂಬಾತ ಮಾಡಿದ್ದು, 2008ರದು, ಮಾರನೇ ವರ್ಷ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಗೆದ್ದದ್ದು ಎಂದೆಲ್ಲ ಹೇಳಿದಳು. ಎರಡು ದಿನದಿಂದ ಕರೆಂಟಿರಲಿಲ್ಲ, ಫೋನು ಸತ್ತಿತ್ತು. ಇಲ್ಲದಿದ್ದರೆ ನಾವ್ಯಾರೂ ಆ ಪೆಟ್ಟಿಗೆ ತೆಗೆಯಲು ಬಿಡುತ್ತಿರಲಿಲ್ಲ.

‘ಇದರಲ್ಲಿ ಎಲೆ ಹಂಚೋದಿಲ್ಲ ಮಾವ. ನಮ್ಮ ಕಟ್ಟನ್ನ ನಾವೇ ಕಟ್ಕೊಳ್ಳೋದು’ ಎಂದಳು.

ಶುರುವಿಗೆ ಎಲ್ಲರಿಗೂ ಒಂದೇ ಬಂಡವಾಳ, ಹತ್ತೆಲೆ. ಏಳು ತಾಮ್ರದ ಕಾಸು, ಮೂರು ಎಸ್ಟೇಟು. ಚಿಕ್ಕಪ್ಪಯ್ಯ ಕನ್ನಡಕ ಏರಿಸಿ ನೋಡಿ ನಕ್ಕರು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಯಾವ ತೋಟದವನ ಹತ್ತಿರ ಇದಕ್ಕಿಂತ ಬೇರೆ ಏನಿದೆ? ಒಂದಿಷ್ಟು ಎಸ್ಟೇಟು, ಮತ್ತೆ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ. ಅದೂ ತಾಮ್ರವೇ.

ಪ್ರತಿ ಸರದಿಗೆ ಐದೆಲೆ ತೆಗೆಯಬೇಕು. ಬಂದ ಕಾಸಿಗೆ ಮಧ್ಯದ ರಾಶಿಯಿಂದ ಹೊಸ ಎಲೆ ಕೊಳ್ಳಬೇಕು. ಕೊಂಡದ್ದು, ಬಳಸಿದ್ದು ಎಲ್ಲ ಪಕ್ಕಕ್ಕೆ ಹೋಗಿ, ಕಟ್ಟು ಖಾಲಿಯಾದಾಗ ಕಲೆಸಿ ಮತ್ತೆ ಕೈಗೆ ಬರುತ್ತದೆ. ಬೆಳ್ಳಿ ಕೊಳ್ಳಬಹುದು, ಬಂಗಾರ ಕೊಳ್ಳಬಹುದು. ಹಳ್ಳಿ, ಕಮ್ಮಾರಸಾಲೆ, ಸಂತೆ ಎಂದು ತರಾವರಿ ಎಲೆಗಳಿವೆ. ಎಂಟು ಕಾಸು ಕೂಡಿದರೆ ಪ್ರಾವಿನ್ಸು, ಆರು ಪಾಯಿಂಟು. ಎಸ್ಟೇಟಿಗೆ ಒಂದೇ ಪಾಯಿಂಟು, ಅದೂ ಆಟ ಮುಗಿದ ಮೇಲಿನ ಲೆಕ್ಕಕ್ಕೆ. ಅಲ್ಲಿಯವರೆಗೆ ಅದು ಕೈಗೆ ಬಂದಾಗಲೆಲ್ಲ ಒಂದು ಜಾಗ ಹಿಡಿದು ಸುಮ್ಮನೆ ಕೂರುತ್ತದೆ, ಮನೆಗೆ ಬಂದು ಮೂರು ದಿನವಾದರೂ ಹೊರಡುವ ಮಾತೆತ್ತದ ನೆಂಟನ ಹಾಗೆ.

‘ಹಂಗಾದ್ರೆ ಎಲೆ ಬೀಳ್ಲಿಲ್ಲ ಅನ್ನೋ ಹಾಗಿಲ್ವ?’ ಎಂದು ಚಿಕ್ಕಪ್ಪಯ್ಯ ಕೇಳಿದರು.

‘ಅನ್ಬಹುದು ಅಜ್ಜಯ್ಯ. ಆದ್ರೆ ಆ ಎಲೆ ಕಟ್ಟಿನೊಳಗೆ ಹಾಕಿದ್ದು ನೀವೇ ಅಲ್ವಾ?’

ಅವರ ಮುಖ ಸಣ್ಣದಾಯಿತು. ಅರವತ್ತು ವರ್ಷ ಕಾಪಾಡಿಕೊಂಡು ಬಂದ ಒಂದೇ ಒಂದು ನೆವವನ್ನು ಮೊಮ್ಮಗಳು ಬಾಗಿಲಲ್ಲೇ ಕಿತ್ತುಕೊಂಡಿದ್ದಳು. ಆಮೇಲೆ ಅವಳೇ ಸ್ವಲ್ಪ ಸಮಾಧಾನ ಕೊಟ್ಟಳು. ಅದೃಷ್ಟ ಪೂರ್ತಿ ಹೋಗಿಲ್ಲವಂತೆ. ಮೊದಲ ಎರಡು ಸರದಿಯಲ್ಲಿ ಏಳು ತಾಮ್ರ ಸಾಮಾನ್ಯವಾಗಿ ನಾಲ್ಕು-ಮೂರಾಗಿ ಒಡೆಯುತ್ತವೆ, ಆರಕ್ಕೊಂದು ಸಲ ಐದು-ಎರಡು. ಐದು ಕಾಸು ಮೊದಲೇ ಬಂದವನಿಗೆ ಬೇರೆಯೇ ದಾರಿ ತೆರೆಯುತ್ತದೆ. ‘ಆರಕ್ಕೊಂದಾ? ಅಷ್ಟಿದ್ರೆ ಸಾಕು’ ಎಂದು ಅವರು ಗೋಡೆಗೊರಗಿದರು.

ಹುಡುಗಿ ಜಾಣೆ. ಹಳ್ಳಿ ಕೊಂಡಳು, ಕಮ್ಮಾರಸಾಲೆ ಕೊಂಡಳು, ಒಂದು ಎಲೆಯಿಂದ ಇನ್ನೊಂದು ಎಲೆ ಎಳೆಯುವ ಯಂತ್ರವನ್ನೇ ಕಟ್ಟಿದಳು. ಅವಳ ಒಂದು ಸರದಿ ಮುಗಿಯುವುದರೊಳಗೆ ನಾನು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಜೊತೆಗೆ ಅವಳು ಚಾಪೆಲ್ ಎಂಬ ಎಲೆ ತಗೊಂಡಳು. ಎರಡೇ ಕಾಸು. ಅದನ್ನು ಹಾಕಿದರೆ ಕೈಯಲ್ಲಿರುವ ಬೇಡದ ಎಲೆ ನಾಲ್ಕರವರೆಗೆ ಶಾಶ್ವತವಾಗಿ ಬಿಸಾಡಬಹುದು. ಕಟ್ಟು ತೆಳುವಾದಷ್ಟೂ ಒಳ್ಳೆ ಎಲೆ ಬೇಗ ಬರುತ್ತದೆ. ಅವಳು ಮೂರೂ ಎಸ್ಟೇಟನ್ನು ಒಂದೊಂದಾಗಿ ಎಸೆದಳು.

‘ಎಂತದು ಕೂಸೇ, ತೋಟ ಬಿಸಾಕ್ತೀಯಾ?’

‘ಅದು ಇದ್ದು ಪ್ರಯೋಜನ ಇಲ್ಲ ಅಜ್ಜಯ್ಯ. ಕೈ ಕಟ್ಟಿಹಾಕತ್ತೆ. ನೀವೂ ಎಸೀರಿ.’

‘ಮಠಕ್ಕೆ ಬರ್ಕೊಟ್ಟ ಹಾಗೆ ಆಯ್ತು’ ಎಂದು ಗೊಣಗಿದರು. ಎಸೆಯಲಿಲ್ಲ. ಅವರ ಆಟ ನೋಡಿದರೆ ಸಪ್ಪೆ. ಮೂರು ಕಾಸು ಬಂದರೆ ಬೆಳ್ಳಿ, ಆರು ಬಂದರೆ ಬಂಗಾರ, ಎಂಟಾದರೆ ಪ್ರಾವಿನ್ಸು. ಹಳ್ಳಿ ಸಂತೆಯ ಕಡೆ ತಿರುಗಿಯೂ ನೋಡಲಿಲ್ಲ. ಇಂಗ್ಲಿಷಿನಲ್ಲಿ ಏನು ಬರೆದಿದೆ ಅಂತ ಓದುವುದೇ ತಾಪತ್ರಯ ಎಂದರು. ಈ ದಾರಿಗೆ ಆಟದವರಲ್ಲಿ ‘ಬಿಗ್ ಮನಿ’ ಎಂಬ ಹೆಸರಿದೆ, ಹೊಸಬರ ಎಷ್ಟೋ ಯಂತ್ರಗಳನ್ನು ಇದು ಸುಮ್ಮನೆ ಹಿಂದೆ ಹಾಕುತ್ತದೆ ಎಂದು ಅವಳು ನನಗೆ ಆಮೇಲೆ ಹೇಳಿದಳು. ಆಗ ಹೇಳಲಿಲ್ಲ.

ಹನ್ನೆರಡೂ ಪ್ರಾವಿನ್ಸು ಖಾಲಿಯಾದಾಗ ಅವಳಲ್ಲಿ ಐದು, ಅವರಲ್ಲಿ ಐದು, ನನ್ನಲ್ಲಿ ಎರಡು. (ನನ್ನ ಆಟದ ಬಗ್ಗೆ ಇಷ್ಟು ಸಾಕು. ಎಲೆ ಬೀಳಲಿಲ್ಲ.) ಅವಳು ಮೂವತ್ತು ಎಂದಳು. ಚಿಕ್ಕಪ್ಪಯ್ಯ ಕಟ್ಟು ಬಿಡಿಸಿ ಐದು ಪ್ರಾವಿನ್ಸು ಇಟ್ಟರು, ಆಮೇಲೆ ಒಂದರ ಪಕ್ಕ ಒಂದು ಮೂರು ಎಸ್ಟೇಟು ಇಟ್ಟರು. ಮೂವತ್ತಮೂರು.

‘ಲಕ್ ಅಜ್ಜಯ್ಯ!’

‘ಲಕ್ಕಾ? ನೀನು ಬಿಸಾಕಿದ್ದು, ನಾನು ಬಿಸಾಕ್ಲಿಲ್ಲ. ಇದ್ರಲ್ಲಿ ಲಕ್ ಎಲ್ಲಿ ಬಂತು?’

ಗೆದ್ದ ದಿನವಾದ್ದರಿಂದ ಅದು ತಲೆಯೇ ಆಗಬೇಕಿತ್ತು. ಆದರೆ ಅವರು ದನಕ್ಕೆ ವಿವರಿಸಲು ಏಳಲಿಲ್ಲ. ಒಂದು ಎಸ್ಟೇಟಿನ ಚಿತ್ರ ನೋಡುತ್ತ ಕೂತಿದ್ದರು.

ನಮ್ಮ ಮನೆಗೂ ಒಂದು ಅಂಥ ಎಲೆ ಇದೆ. ಎನ್.ಆರ್.ಪುರದ ಕಡೆ ಹೊಳೆಯ ಹತ್ತಿರ ಎರಡು ಬೆಳೆಯ ಗದ್ದೆ. ಚಿಕ್ಕಪ್ಪಯ್ಯ ಈಗಲೂ ಆ ಊರನ್ನು ಹಳೆಯ ಹೆಸರಿನಿಂದ ಎಡೇಹಳ್ಳಿ ಎಂದೇ ಕರೆಯುತ್ತಾರೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರು ಬಂದು ಗದ್ದೆ ಮುಳುಗಿತು. ಪರಿಹಾರ ಬಂತು, ಖರ್ಚಾಯಿತು. ಆ ನೀರು ದಾವಣಗೆರೆ ಕಡೆಗೆ ಹರಿದು ಅಲ್ಲಿಯ ಗದ್ದೆ ಹಸಿರಾಯಿತು. ಅಲ್ಲಿಯವರು ಪುಣ್ಯವಂತರು ಎನ್ನುತ್ತಾರೆ ಚಿಕ್ಕಪ್ಪಯ್ಯ, ಭಟ್ಟರ ಕೈಗೆ ಗುಲಾಮ ಬಿದ್ದಾಗ ಹೇಳುತ್ತಿದ್ದ ಅದೇ ದನಿಯಲ್ಲಿ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಅಡಿಕೆ ರೇಟಿಗಿಂತ ಮೊದಲು ಅವರು ನೋಡುವುದು ಭದ್ರಾ ಮಟ್ಟ. ಪೂರ್ತಿ 186 ಅಡಿ. ಬೇಸಿಗೆಯಲ್ಲಿ ಚೆನ್ನಾಗಿ ಇಳಿದ ವರ್ಷ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗು ಎನ್ನುತ್ತಾರೆ. ಒಡೆದ ಕೆಸರಿನಲ್ಲಿ ಗದ್ದೆಯ ಬದು ಎದ್ದಿರುತ್ತದೆ, ಹಳೇ ಮರದ ಬುಡ ಇರುತ್ತದೆ. ಅವರು ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ವಾಪಸು ಬರುತ್ತಾರೆ. ಉಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಜೂನ್ ಬಂದರೆ ಮತ್ತೆ ಕಟ್ಟಿನೊಳಗೆ.

ಮಾರನೇ ದಿನ ಹುಡುಗಿ ಬೆಂಗಳೂರಿಗೆ ಹೋದಳು. ವಾರ ಬಿಟ್ಟು ಫೋನು ಮಾಡಿದಳು. ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಎಸ್ಟೇಟು ಇರಬೇಕಂತೆ, ಎಣಿಸಿದರೆ ಇಪ್ಪತ್ತಮೂರೇ ಇವೆಯಂತೆ. ಜಗಲಿಯಲ್ಲಿ ಎಲ್ಲಾದರೂ ಬಿದ್ದಿದೆಯಾ ನೋಡಿ ಮಾವ ಎಂದಳು.

ಫೋನು ಹಿಡಿದುಕೊಂಡೇ ಚಿಕ್ಕಪ್ಪಯ್ಯನ ಕಡೆ ತಿರುಗಿದೆ. ಅವರು ಎಲೆಡಿಕೆಯ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಹಾಕುತ್ತಿದ್ದರು.

‘ಮುಳುಗಿರಬೇಕು ಅಂತ ಹೇಳು ಮಾಣಿ’ ಎಂದರು. ‘ಬೇಸಿಗೇಲಿ ಬರ್ಲಿ. ಕಂಡ್ರೂ ಕಾಣ್ಬಹುದು.’