ಶುಕ್ರವಾರದ ರಜೆ

ಯಶವಂತಪುರದಿಂದ ತುಮಕೂರಿಗೆ ಹೋಗುವ ನಮ್ಮ ಬಸ್ಸು ಎರಡೂವರೆ ವರ್ಷ ಪೀಣ್ಯ ಫ್ಲೈಓವರಿನ ಕೆಳಗೇ ತೆವಳಿತು. 2010ರಲ್ಲಿ ತೆರೆದ ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದ್ದರು. ಕಾಂಕ್ರೀಟಿನೊಳಗೆ ಬಿಗಿದ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು.

"ಹೊರಗಿಂದ ಗೊತ್ತಾಗಲ್ಲ ಮಗಾ. ಕೊಳವೆಯೊಳಗೆ ಸಿಮೆಂಟ್ ಹಾಲು ಸರಿಯಾಗಿ ತುಂಬದಿದ್ರೆ ನೀರು, ಗಾಳಿ ಸೇರಿ ಎಳೆ ಎಳೆಯಾಗಿ ತಿನ್ನುತ್ತೆ," ಎನ್ನುತ್ತಿದ್ದರು ಅಪ್ಪ. ಮೂವತ್ತು ವರ್ಷ ಕಂಬಿ ಕಟ್ಟಿದವರು.

ಕಂಬದಿಂದ ಕಂಬಕ್ಕೆ ಎರಡೆರಡರಂತೆ 240 ಹೊಸ ಕೇಬಲ್ ಎಳೆದ ಮೇಲೆ, 2024ರ ಜುಲೈನಲ್ಲಿ ಬಸ್ಸು, ಲಾರಿಗಳನ್ನು ಮೇಲೆ ಬಿಟ್ಟರು. ಶುಕ್ರವಾರ ಮಾತ್ರ ಬಿಡಲಿಲ್ಲ. ಅಂದು ಸೇತುವೆಯ ತಪಾಸಣೆ.

"ಅದಕ್ಕೂ ವಾರಕ್ಕೊಂದು ರಜೆ," ಎಂದು ನಕ್ಕ ಅಪ್ಪ ಕೆಮ್ಮತೊಡಗಿದರು. ಕೆಮ್ಮು ನಿಲ್ಲಲೇ ಇಲ್ಲ. ಕೂಲಿ ತಪ್ಪುತ್ತದೆಂದು ಅವರು ಎಂದೂ ಡಾಕ್ಟರ ಬಳಿ ಹೋದವರಲ್ಲ. ನಾನೂ ಕೇಳಿದವನಲ್ಲ.

ಮುಂದಿನ ಶುಕ್ರವಾರ ಅಪ್ಪನನ್ನು ಎಕ್ಸ್‌ರೇಗೆ ಕರೆದೊಯ್ದೆ. ಬಸ್ಸು ಕೆಳಗಿನ ರಸ್ತೆಯಲ್ಲೇ ಹೋಯಿತು.