ಕೊಳತ್ತೂರಿನ ನೀಲಿ ಹೀರೋ

ಮದ್ರಾಸ್ ಅಂದ್ರೆ ನಮ್ಮವರಿಗೆ ಕೋಡಂಬಾಕ್ಕಂ. ಒಂದು ಕಾಲದಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಜಾಗವಲ್ಲವೇ! ಈ ಸಲ ಚೆನ್ನೈಗೆ ಹೋದ ನಾನು ಮಾತ್ರ ಬಸ್ ಹತ್ತಿದ್ದು ಕೊಳತ್ತೂರಿಗೆ. ಎಲ್ಲಿ ನೋಡಿದರೂ ಬಣ್ಣದ ಮೀನಿನ ಅಂಗಡಿಗಳು. ಒಂದು ಗಾಜಿನ ತೊಟ್ಟಿಯಲ್ಲಿ ಠೀವಿಯಿಂದ ಕೂತಿತ್ತು ನೀಲಿ ಕ್ರೇಫಿಶ್. ಸೀಗಡಿಯ ಮೈ, ಏಡಿಯ ಇಕ್ಕಳ, ಇಕ್ಕಳದ ಅಂಚಿಗೆ ಕೆಂಪು ಪಟ್ಟಿ. ಬೆಳೆದ ಗಂಡಿನ ಗುರುತು ಅದು!

ಇವನ ಹುಟ್ಟೂರು ಉತ್ತರ ಆಸ್ಟ್ರೇಲಿಯಾ. ಹಾಗಾಗಿ ನಮ್ಮ ಸೆಖೆ ಹೊಸದಲ್ಲ. ಆದ್ರೆ ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಗಾಳಿ ಪಂಪು ನಿಲ್ಲಬಾರದು. ಮುಚ್ಚಳ ಬಿಗಿ ಇರಲಿ, ಇಲ್ಲದಿದ್ರೆ ರಾತ್ರೋರಾತ್ರಿ ಪರಾರಿ!

"ಅದೇನಪ್ಪಾ ಮೂಲೆಯಲ್ಲಿ, ಖಾಲಿ ಚಿಪ್ಪು?" ಅಂದೆ. ಅಂಗಡಿ ಹುಡುಗ ನಕ್ಕ: "ಡ್ರೆಸ್ ಚೇಂಜ್ ಸಾರ್!" ಚಿಪ್ಪು ಕಳಚಿದಾಗ ಮೈ ಮೆತ್ತಗೆ. ಅಡಗಲು ಪೈಪಿನ ತುಂಡು ಇಲ್ಲದಿದ್ರೆ ಜೊತೆಗಾರರೇ ತಿಂದು ಮುಗಿಸ್ತಾರೆ.

ಬೇಜಾರಾಯ್ತೆಂದು ಕೆರೆಗೆ ಬಿಟ್ಟೀರಿ, ಜೋಕೆ! ಕ್ರೇಫಿಶ್ ಭಾರತದ ನೀರಿನ ಪ್ರಾಣಿಯೇ ಅಲ್ಲ. ಆಫ್ರಿಕದ ಜಾಂಬಿಯಾಕ್ಕೆ 2001ರ ಸುಮಾರಿಗೆ ಸಾಕಲು ತಂದವು ತಪ್ಪಿಸಿಕೊಂಡು ನದಿ ಸೇರಿದವು. ಬಲೆಗೆ ಬಿದ್ದ ಮೀನನ್ನೇ ಕಚ್ಚಿ ಹಾಳು ಮಾಡಿ ಬೆಸ್ತರ ಅನ್ನಕ್ಕೆ ಕಲ್ಲು ಹಾಕಿದವು. ಬೇಡವಾದ್ರೆ ಅಂಗಡಿಗೇ ವಾಪಸ್ ಕೊಡಿ, ಗೆಳೆಯರೇ. ತೊಟ್ಟಿಯ ಹೀರೋ ಕೆರೆಗಿಳಿದರೆ ವಿಲನ್!